ಹಸಿರು ಸೊಪ್ಪೂ ನಮ್ಮ ನರ-ನೆತ್ತರೂ



ನಮ್ಮ ಊಟದ ತಟ್ಟೆಯಲ್ಲಿ ಬಹಳ ಅಲಕ್ಷ್ಯಕ್ಕೆ ಒಳಗಾಗುವ ಪದಾರ್ಥವೆಂದರೆ ಸೊಪ್ಪಿನ ಪಲ್ಯ. ಅಗ್ಗವಾದುದಕ್ಕೆ ಗುಣವೂ ಕಡಿಮೆಯೆಂದು ಹಲವರು ಭಾವಿಸುವುದುಂಟು. ಆದರೆ ಅನ್ನ ರೊಟ್ಟಿಗಳು ದುಡಿಯುವ ಕಸುವನ್ನು ಕೊಡುವಂತೆ, ಸೊಪ್ಪು ನೆತ್ತರನ್ನು ಬೆಳೆಸುವುದಕ್ಕೂ ನರಗಳನ್ನು ಕಾಯುವುದಕ್ಕೂ ನೆರವಾಗುತ್ತದೆ. ಅದು ಹೇಗೆ, ಎಷ್ಟರ ಮಟ್ಟಿಗೆ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ನರವೂ ನೆತ್ತರೂ

ಮಿದುಳು, ಬೆನ್ನುಹುರಿ ಮತ್ತು ಅವುಗಳಿಂದ ಕವಲೊಡೆದು ಬೆರಳ ತುದಿಯವರೆಗೂ ಹರಡಿರುವ ನರಗಳು ದೇಹದ ಸುದ್ದಿಗಾರರು. ಬಿಸಿ ಪಾತ್ರೆಯನ್ನು ಮುಟ್ಟಿದ ಕೈ ಥಟ್ಟನೆ ಹಿಂದೆ ಸರಿಯುವುದು ಇವುಗಳಿಂದಲೇ. ನರಗಳಿಗೆ ಎಡೆಬಿಡದೆ ಆಮ್ಲಜನಕ ದೊರೆಯಬೇಕು. ಅದನ್ನು ಹೊತ್ತು ತರುವುದು ನೆತ್ತರಿನ ಕೆಂಪು ಕಣಗಳ ಕೆಲಸ. ಒಂದು ಕೆಂಪು ಕಣದ ಆಯುಷ್ಯ ಸುಮಾರು 120 ದಿನಗಳು ಮಾತ್ರ. ಆದುದರಿಂದ ಎಲುಬಿನ ಮಜ್ಜೆಯು ಹಗಲಿರುಳೂ ಹೊಸ ಕಣಗಳನ್ನು ಸಿದ್ಧಪಡಿಸುತ್ತಿರಬೇಕು. ಈ ಕಾರ್ಯಕ್ಕೆ ಬೇಕಾದ ಒಂದು ಮುಖ್ಯ ವಸ್ತು ಸೊಪ್ಪಿನಲ್ಲಿದೆ. ಅದರ ಶೋಧದ ಕಥೆ ನಾವಿರುವ ಮುಂಬಯಿ ನಗರದಲ್ಲೇ ಆರಂಭವಾಯಿತೆಂಬುದು ನಿಮಗೆ ತಿಳಿದಿರಬೇಕಾದ ಸಂಗತಿ.

ಮುಂಬಯಿಯಲ್ಲಿ ಮೊದಲಾದ ಶೋಧ

1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಭಾರತಕ್ಕೆ ಬಂದರು. ಆಗ ಇಲ್ಲಿಯ ಬಟ್ಟೆಗಿರಣಿಗಳ ಕೆಲಸಗಾರರಲ್ಲಿ ಬಡ ಗರ್ಭಿಣಿಯರು ಕಠಿಣವಾದ ರಕ್ತಹೀನತೆಯಿಂದ ನರಳುತ್ತಿದ್ದರು. ಪರೇಲಿನ ಹಾಫ್ಕಿನ್ ಸಂಸ್ಥೆಯಲ್ಲಿ ಕೆಲಸಮಾಡುತ್ತ ವಿಲ್ಸ್ ಅವರು ಆ ಹೆಂಗಸರ ಆಹಾರವನ್ನು ಪರಿಶೀಲಿಸಿದರು. ಆಹಾರದಲ್ಲಿ ಯಾವುದೋ ಒಂದು ಅಂಶ ಕೊರತೆಯಾದುದೇ ರೋಗದ ಮೂಲವೆಂದು ಅವರಿಗೆ ಮನವರಿಕೆಯಾಯಿತು. ಯೀಸ್ಟಿನಿಂದ ತೆಗೆದ ಮಾರ್ಮೈಟ್ ಎಂಬ ಅಗ್ಗದ ಸಾರವನ್ನು ಸೇವಿಸಿದರೆ ಈ ರೋಗವು ಗುಣವಾಗುವುದೆಂದು 1931ರಲ್ಲಿ ಅವರು ಪ್ರಕಟಿಸಿದರು. ಗುಣಕೊಡುವ ಆ ವಸ್ತು ಯಾವುದೆಂಬುದು ಮಾತ್ರ ಆಗ ತಿಳಿಯಲಿಲ್ಲ.

ಹತ್ತು ವರ್ಷಗಳ ಅನಂತರ, 1941ರಲ್ಲಿ, ಅಮೆರಿಕೆಯ ಟೆಕ್ಸಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ ‘ಫೋಲಿಯಂ’ ಎಂದರೆ ಎಲೆ. ಅದರಿಂದ ಈ ವಸ್ತುವಿಗೆ ಫೋಲಿಕ್ ಆಮ್ಲವೆಂಬ ಹೆಸರಾಯಿತು. ವಿಲ್ಸ್ ಅವರು ಕಂಡಿದ್ದ ಗುಣವು ಇದರದೇ ಎಂದು ಮುಂದೆ ಸ್ಥಿರಪಟ್ಟಿತು. ಆಹಾರದಲ್ಲಿ ಸಹಜವಾಗಿರುವ ಇದರ ರೂಪವನ್ನು ಫೋಲೇಟ್ ಎನ್ನುತ್ತಾರೆ.

ಹೊಸ ಜೀವಕೋಶಗಳು ಹುಟ್ಟಬೇಕಾದಲ್ಲೆಲ್ಲ ಫೋಲೇಟ್ ಬೇಕು. ಅದು ಸಾಲದಾದರೆ ಕೆಂಪು ಕಣಗಳು ಸಂಖ್ಯೆಯಲ್ಲಿ ಕಡಿಮೆಯಾಗಿ, ಆಕಾರದಲ್ಲಿ ಮಾತ್ರ ಅತಿಯಾಗಿ ದೊಡ್ಡವಾಗುತ್ತವೆ. ತಾಯಿಯ ಗರ್ಭದಲ್ಲಿ ಶಿಶುವಿನ ಮಿದುಳು ಮತ್ತು ಬೆನ್ನುಹುರಿಗಳ ಬುಡ ಕಟ್ಟುವುದು ಮೊದಲ ನಾಲ್ಕು ವಾರಗಳಲ್ಲಿ. ಆಗಲೂ ಫೋಲೇಟ್ ಅತ್ಯವಶ್ಯ. ಬೆನ್ನುಹುರಿಯ ದೋಷವುಳ್ಳ ಶಿಶುವನ್ನು ಹಿಂದೆ ಹೆತ್ತಿದ್ದ ತಾಯಂದಿರಿಗೆ ಗರ್ಭ ನಿಲ್ಲುವುದಕ್ಕೆ ಮೊದಲಿನಿಂದಲೇ ಫೋಲಿಕ್ ಆಮ್ಲವನ್ನು ಕೊಟ್ಟಾಗ, ಆ ದೋಷವು ಮರುಕಳಿಸುವುದು ಶೇಕಡಾ 72ರಷ್ಟು ತಗ್ಗಿತೆಂದು 1991ರಲ್ಲಿ ಬ್ರಿಟನ್ನಿನಿಂದ ಹೊರಟ ವರದಿಯು ತೋರಿಸಿಕೊಟ್ಟಿತು.

ರಕ್ತಸಂಚಾರಕ್ಕೆ ನೆರವು

ನೆತ್ತರು ಚೆನ್ನಾಗಿದ್ದರೆ ಸಾಲದು, ಅದು ಸರಾಗವಾಗಿ ಹರಿಯಲೂ ಬೇಕು. ಸೊಪ್ಪಿನಲ್ಲಿ ನೈಟ್ರೇಟ್ ಎಂಬ ಲವಣಗಳಿವೆ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಅವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ದೇಹದೊಳಗೆ ಅದರಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವು ಉಂಟಾಗುತ್ತದೆ. ಈ ಅನಿಲವು ರಕ್ತನಾಳಗಳ ಬಿಗಿಯನ್ನು ಸಡಿಲಿಸಿ ಅವುಗಳನ್ನು ಹಿಗ್ಗಿಸುತ್ತದೆ. ದೇಹವು ತಾನಾಗಿಯೂ ಇದನ್ನು ತಯಾರಿಸಿಕೊಳ್ಳುತ್ತದೆ. ಇದರ ಕಾರ್ಯವನ್ನು ಕಂಡುಹಿಡಿದುದಕ್ಕಾಗಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಸೊಪ್ಪಿನಲ್ಲಿ ಇಲ್ಲದುದು

ಹೀಗೆಂದು ಸೊಪ್ಪೊಂದರಿಂದಲೇ ಎಲ್ಲವೂ ಸಾಧ್ಯವೆಂದು ತಿಳಿಯಬಾರದು. ವಿದ್ಯುತ್ ತಂತಿಯ ಮೇಲೆ ರಬ್ಬರಿನ ಹೊದಿಕೆಯಿರುವಂತೆ ಅನೇಕ ನರತಂತುಗಳ ಮೇಲೂ ಒಂದು ಹೊದಿಕೆಯಿದೆ. ಅದು ಕೆಡದಂತಿರಲು ಬಿ-12 ಎಂಬ ಜೀವಸತ್ವ ಬೇಕು. ಇದು ಸೊಪ್ಪಿನಲ್ಲಿಲ್ಲ, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಇದರ ಕೊರತೆಯಿಂದ ಕೈಕಾಲುಗಳು ಜೋಮು ಹಿಡಿಯಬಹುದು, ನಡಿಗೆ ತಪ್ಪಬಹುದು. ಇಂತಹವರಿಗೆ ಫೋಲಿಕ್ ಆಮ್ಲದ ಗುಳಿಗೆಯನ್ನಷ್ಟೇ ಕೊಟ್ಟರೆ ರಕ್ತಹೀನತೆಯು ಮರೆಯಾದಂತೆ ತೋರಿದರೂ, ನರಗಳ ಹಾನಿಯು ಒಳಗೊಳಗೇ ಬೆಳೆಯಬಹುದು. ಆದುದರಿಂದ ಜೋಮು, ನಿಶ್ಶಕ್ತಿಗಳು ಪದೇ ಪದೇ ಕಾಣಿಸಿಕೊಂಡರೆ ವೈದ್ಯರಿಗೆ ತೋರಿಸಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿರುವ ಹಿರಿಯರು ಮನೆಯಲ್ಲಿದ್ದರೆ, ಅವರು ಸೊಪ್ಪಿನ ಪ್ರಮಾಣವನ್ನು ವೈದ್ಯರನ್ನು ಕೇಳದೆ ಹೆಚ್ಚುಕಡಿಮೆ ಮಾಡಬಾರದು. ಏಕೆಂದರೆ ಸೊಪ್ಪಿನಲ್ಲಿರುವ ಕೆ ಜೀವಸತ್ವವು ರಕ್ತವನ್ನು ಹೆಪ್ಪುಗಟ್ಟಿಸಲು ನೆರವಾಗುತ್ತದೆ.

ನಮ್ಮ ಅಡಿಗೆಯ ಜಾಣ್ಮೆ

ಫೋಲೇಟ್ ಬಹುಕಾಲ ಬೇಯಿಸಿದರೆ ನಾಶವಾಗುತ್ತದೆ, ಬೇಯಿಸಿದ ನೀರಿನಲ್ಲಿಯೂ ಕರಗಿಹೋಗುತ್ತದೆ. ಈಗ ನಮ್ಮ ನಾಡಿನ ಅಡಿಗೆಗಳನ್ನು ಗಮನಿಸಿರಿ. ಮೈಸೂರಿನ ಕಡೆಯವರು ಸೊಪ್ಪನ್ನು ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುತ್ತಾರೆ. ಉತ್ತರ ಕರ್ನಾಟಕದವರು ಹಸಿ ಮೆಂತ್ಯದ ಎಳೆಸೊಪ್ಪನ್ನೂ ಹಕ್ಕರಿಕೆಯನ್ನೂ ಜೋಳದ ರೊಟ್ಟಿಯೊಡನೆ ತಿನ್ನುತ್ತಾರೆ. ಮಲೆನಾಡಿನವರು ಒಂದೆಲಗದ ತಂಬುಳಿಗೆ ಮಜ್ಜಿಗೆಯನ್ನು ಬೆರೆಸುತ್ತಾರೆ. ಎಲೆಯಲ್ಲಿಲ್ಲದ ಬಿ-12 ಮಜ್ಜಿಗೆಯಿಂದ ಬಂದು ಸೇರುತ್ತದೆ. ನಿಮ್ಮ ಮನೆತನದ ಊರು ಯಾವುದೇ ಇರಲಿ, ಇಂತಹ ಒಂದು ಅಡಿಗೆಯನ್ನು ನಿಮ್ಮ ಅಜ್ಜಿ ಬಲ್ಲರು. ನಗರದ ಅವಸರದಲ್ಲಿ ಅದು ಮರೆತುಹೋಗಬಾರದು.

ಇನ್ನು ಕೆಲವು ನಿಯಮಗಳು. ಸೊಪ್ಪನ್ನು ಹೆಚ್ಚುವುದಕ್ಕೆ ಮೊದಲೇ ಹಲವು ಸಲ ನೀರು ಬದಲಿಸಿ ತೊಳೆಯಬೇಕು; ಹಸಿಯಾಗಿ ತಿನ್ನುವಾಗಲಂತೂ ಬಹಳ ಎಚ್ಚರಿಕೆ ಬೇಕು. ಸ್ವಲ್ಪವೇ ನೀರಿಟ್ಟು, ಮುಚ್ಚಳ ಮುಚ್ಚಿ, ಬೇಗನೆ ಬೇಯಿಸಬೇಕು. ಇಳಿಸಿದ ಮೇಲೆ ನಿಂಬೆಹುಳಿ ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶವು ಮೈಗೆ ಹತ್ತಲು ಸಹಾಯವಾಗುತ್ತದೆ. ಊಟದೊಡನೆಯೇ ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ.

ಇಲ್ಲಿಯ ಪೇಟೆಯಲ್ಲಿ ಬೇಕಾದ ಸೊಪ್ಪು ಸಿಗುವುದಿಲ್ಲವೆಂಬ ಮಾತು ಸರಿಯಲ್ಲ. ನಮ್ಮ ಹರಿವೆ ಇಲ್ಲಿ ಮಾಠ, ಸಬ್ಬಸಿಗೆ ಇಲ್ಲಿ ಶೇಪು, ಪುಂಡಿ ಇಲ್ಲಿ ಅಂಬಾಡಿ, ಬಸಳೆ ಇಲ್ಲಿ ಮಾಯಾಳು, ನುಗ್ಗೆ ಇಲ್ಲಿ ಶೇವಗಾ. ತಾಯಿಯೊಡನೆ ಪೇಟೆಗೆ ಹೋದಾಗ ಈ ಹೆಸರುಗಳನ್ನು ಹೇಳಿ ಕೇಳಿರಿ. ಮನೆಗೆ ತಂದ ಸೊಪ್ಪನ್ನು ಬಿಡಿಸುವ ಕೆಲಸದಲ್ಲಿ ಕೈಜೋಡಿಸಿರಿ. ಆ ಬೇಸರದ ಕೆಲಸ ಹಗುರವಾದರೆ ವಾರದಲ್ಲಿ ಒಮ್ಮೆ ಬರುವ ಸೊಪ್ಪು ದಿನವೂ ಬಂದೀತು. ತಟ್ಟೆಗೆ ಬಂದುದನ್ನು ಬದಿಗೆ ಸರಿಸದೆ ಉಣ್ಣಿರಿ. ಒಂದು ಕಾಲಕ್ಕೆ ಈ ನಗರದ ತಾಯಂದಿರು ಪ್ರಾಣವನ್ನೇ ಪಣವಿಟ್ಟು ಕಲಿಸಿದ ಪಾಠವಿದು. ಅದನ್ನು ಪುಸ್ತಕದಲ್ಲಿ ಬಿಡದೆ ಊಟದಲ್ಲಿ ಉಳಿಸಿಕೊಳ್ಳುವುದು ನಿಮ್ಮ ಕರ್ತವ್ಯ.