ಕ್ಯಾಸೆಟ್ಟಿನ ಮಟ್ಟು, ಅಜ್ಜನ ಮಟ್ಟು

ಅವತ್ತು ಗುರುವಾರ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಕ್ಕೆ ಒರಗಿ ಟೆಂಡರ್ ದರಕ್ಕೆ ಕಾಯುತ್ತಿದ್ದೆ. ಪಕ್ಕದ ಹಮಾಲರೊಬ್ಬರ ಮೊಬೈಲಿನಿಂದ ನನ್ನದೇ ದನಿ ಬಂತು. ಯಾವುದೋ ಜಾತ್ರೆಯಲ್ಲಿ ಪೇಟಿ ಹಿಡಿದು ಹಾಡಿದ ಶಿಶುನಾಳ ಶರೀಫರ ಪದ. ಯಾರೋ ತಮ್ಮ ಚಾನೆಲ್‌ಗೆ ಹಾಕಿಕೊಂಡಿದ್ದರು. "ಇದು ನಾ ಹಾಡಿದ್ದರೀ" ಅಂದೆ. ನನ್ನನ್ನೊಮ್ಮೆ, ಮೊಬೈಲನ್ನೊಮ್ಮೆ ನೋಡಿ, "ಹೌದೇನ್ರಿ? ಇದರಾಗ ನಿಮ್ಮ ಹೆಸರಽ ಇಲ್ಲಲ್ರಿ" ಅಂದರು. ಚೀಲಕ್ಕೆ ಲಾಟ್ ಚೀಟಿ ಇಲ್ಲದಿದ್ದರೆ ಮಾಲು ಯಾರದೆಂದು ಮಾರುಕಟ್ಟೆಯಲ್ಲಿ ಯಾರು ಕೇಳುತ್ತಾರೆ?

ಅಂದೇ ರಾತ್ರಿ ತಂಗಿಯ ಮಗ ನನ್ನ ಹೆಸರಲ್ಲಿ ಯೂಟ್ಯೂಬ್ ಚಾನೆಲ್ ತೆರೆದ. ಚಿಲ್ಲೂರು ಬಡ್ನಿಯ ಕುರಿಗಾಹಿ ಹನುಮಂತ ಲಮಾಣಿ ಸರಿಗಮಪ ವೇದಿಕೆ ಹತ್ತಿದಾಗಿನಿಂದ ನಮ್ಮ ಹುಡುಗರಿಗೆಲ್ಲ ಕನಸು. ಅವರು ಏರಿದ್ದು ಟಿವಿಯ ಏಣಿ ಅಂದರೆ ಅಳಿಯ ಒಪ್ಪುವುದಿಲ್ಲ. ಜಾಹೀರಾತಿನ ದುಡ್ಡಿಗೆ 1,000 ಚಂದಾದಾರರು, 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕಿತ್ತು. ಅದೂ ಆಯಿತು. ಖಾತೆಯಲ್ಲಿ 10 ಡಾಲರ್ ಕೂಡಿದಾಗ ವಿಳಾಸದ ಖಾತ್ರಿಗೆಂದು ಪಿನ್ ನಂಬರಿನ ಕಾಗದ ಅಂಚೆಯಲ್ಲಿ ಬಂತು. ನನಗೆ ಅಮೆರಿಕದ ಸಂಬಳ ಶುರುವಾಯಿತೆಂದು ಓಣಿಯೆಲ್ಲ ಸುದ್ದಿ. ಆದರೆ 100 ಡಾಲರ್ ಆಗುವತನಕ ಬ್ಯಾಂಕಿಗೆ ಬಿಡಿಗಾಸೂ ಇಳಿಯುವುದಿಲ್ಲ. ಒಂದು ಸುಗ್ಗಿ ಹೋಗಿ ಇನ್ನೊಂದು ಬಂತು. ನಮ್ಮ ಮನೆ ನಡೆಸಿದ್ದು ಆಗಲೂ ಈಗಲೂ ಭಜನೆಗೆ ಕರೆದವರು ಕೊಡುವ ಮುಂಗಡವೇ.

ಅಷ್ಟರಲ್ಲಿ "ಮಾಮಾ, ಕಾಪಿರೈಟ್ ಕ್ಲೇಮ್ ಬಂದೈತಿ" ಅಂದ ಅಳಿಯ. ಎಲ್ಲಕ್ಕಿಂತ ಚೆನ್ನಾಗಿ ಓಡುತ್ತಿದ್ದ ಪದ. ಇನ್ನು ಅದರ ಆದಾಯ ಒಂದು ಕಂಪನಿಗೆ. ನನಗೆ ಸಿಟ್ಟು ಬಂತು. ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದಕ್ಕೆ ಯಾರು ಒಡೆಯರು? ಹಾವೇರಿಯ ವಕೀಲರೊಬ್ಬರು ಬಿಡಿಸಿ ಹೇಳಿದರು: ಬರೆದವರು ತೀರಿದ ಮೇಲೆ 60 ವರ್ಷ ಹಕ್ಕು ಇರುತ್ತದೆ, ಹಾಗಾಗಿ ಸಾಹಿತ್ಯ ಎಲ್ಲರದು. ಆದರೆ ರಾಗ ಹಾಕಿದವರ ಹಕ್ಕೇ ಬೇರೆ, ಧ್ವನಿಮುದ್ರಣದ ಹಕ್ಕೇ ಬೇರೆ. ನಾನು ಹಾಡಿದ್ದು ಕ್ಯಾಸೆಟ್ಟಿನ ಮಟ್ಟು, ಹಿಂದೆ ಬಾರಿಸಿದ್ದು ಯಾರದೋ ಕರೋಕೆ. ಸಿಟ್ಟು ಇಳಿದು ನಾಚಿಕೆಯಾಯಿತು.

ಹುಡುಗರಿದ್ದಾಗ ರಾಣೆಬೆನ್ನೂರಿನಿಂದ ತಂದ ಕ್ಯಾಸೆಟ್ಟನ್ನು ಟೇಪು ಸವೆಯುವತನಕ ಕೇಳಿ ಕಲಿತವರು ನಾವು. ಸಿ. ಅಶ್ವಥ್ ಅವರ ಸಂಯೋಜನೆಗಳಿಂದ ಶರೀಫರು ಮನೆಮನೆಗೆ ಮುಟ್ಟಿದರು, ಅದು ಸಣ್ಣ ಮಾತಲ್ಲ. ಆದರೆ ಶಿಶುನಾಳ ಇರುವುದು ನಮ್ಮದೇ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿ. ಕ್ಯಾಸೆಟ್ ಬರುವ ಮೊದಲೂ ನಮ್ಮ ಭಜನೆ ಮೇಳದಲ್ಲಿ ಅದೇ ಪದಗಳಿಗೆ ಬೇರೆ ಮಟ್ಟು ಇತ್ತು. ಹಳೇದಾಯಿತೆಂದು ಬಿಟ್ಟವನು ನಾನೇ.

ಆ ಮಟ್ಟು ಪೂರ್ತಿ ಉಳಿದದ್ದು ಮೇಳದ ಹಿರಿಯ ಅಜ್ಜನೊಬ್ಬರ ಬಾಯಲ್ಲಿ. ಹಲ್ಲಿಲ್ಲ, ದಮ್ಮು ಸಾಲದು, ದಮ್ಮಡಿ ಹಿಡಿದರೆ ಮಾತ್ರ ಕೈ ತಪ್ಪುವುದಿಲ್ಲ. ಸೋಮವಾರ ಭಜನೆ ಮುಗಿದ ಮೇಲೆ ಅವರ ಎದುರು ಕೂತು ಕಲಿತು, ಕರೋಕೆ ಬಿಟ್ಟು ಪೇಟಿ, ತಾಳ, ದಮ್ಮಡಿಯಲ್ಲೇ ಹಾಡಿ ಹಾಕುತ್ತಿದ್ದೇವೆ. ಕ್ಲೇಮ್ ಇಲ್ಲ, ಕೇಳುವವರೂ ಕಡಿಮೆಯೇ. ಜಾತ್ರೆಯಲ್ಲಿ ಹೆಸರು, ಊರನ್ನು ಶುರುವಿಗೆ ಹೇಳುವುದನ್ನೂ ಬಿಟ್ಟಿದ್ದೇನೆ, ಶುರುವಿನದನ್ನು ಕತ್ತರಿಸಿ ಪದ ಎತ್ತಿ ಹಾಕಿಕೊಳ್ಳುವುದು ಸುಲಭ. ಎರಡು ನುಡಿಗಳ ನಡುವೆ ಹೇಳುತ್ತೇನೆ. ಅಲ್ಲಿ ಕತ್ತರಿ ಹಾಕಿದರೆ ತಾಳ ತಪ್ಪುತ್ತದೆ.

ಮೊನ್ನೆ ಹಾಕಿದ ಪದವನ್ನು ಅಜ್ಜನ ಕಿವಿಗೆ ಹಿಡಿದೆ. ಪೂರ್ತಿ ಕೇಳಿ, "ಎರಡನೇ ನುಡಿ ಏರಬೇಕಿತ್ತೋ ತಮ್ಮಾ, ಇಳಿಸಿಬಿಟ್ಟಿ" ಅಂದರು. ಬರುವ ಸೋಮವಾರ ಮತ್ತೆ ಹಾಡಬೇಕು.