ಕಪ್ಪುಹಲಗೆಯೂ ಕಂಪೈಲರೂ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ಗಣಿತದ ಅಧ್ಯಾಪಕನಾಗಿದ್ದ ನಾನು ಒಂದು ಪಾಠವನ್ನೇ ಬರೆಯಬಯಸುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಗಣಕವಿಜ್ಞಾನಕ್ಕೆ ಹೋಗುವ ನಮ್ಮ ಮಕ್ಕಳು ಪಾರಿಭಾಷಿಕ ಪದಗಳನ್ನು ಕಂಡೊಡನೆ ಹಿಂಜರಿಯುವುದುಂಟು. ಆದರೆ ಆ ವಿಷಯಗಳಿಗೆ ಹೋಲಿಕೆ ನಮ್ಮ ತರಗತಿಯಲ್ಲಿಯೇ ದೊರೆಯುತ್ತದೆ.

ಸಿ ಮುಂತಾದ ಭಾಷೆಗಳಲ್ಲಿ ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಪರಿವರ್ತಿಸುವ ಸಾಧನವೇ ಕಂಪೈಲರ್. 1957ರಲ್ಲಿ ಜಾನ್ ಬ್ಯಾಕಸ್ ಅವರ ತಂಡವು ಫೋರ್ಟ್ರಾನ್ ಕಂಪೈಲರನ್ನು ಹೊರತಂದಾಗಲೇ ವೇಗವು ಅದರ ಮುಖ್ಯ ಗುರಿಗಳಲ್ಲೊಂದಾಗಿತ್ತು. ಹೀಗಾಗಿ ಕಂಪೈಲರ್ ಕೇವಲ ಅನುವಾದಕನಲ್ಲ, ಮಿತವ್ಯಯಿಯೂ ಹೌದು. ಫಲಿತಾಂಶ ಬದಲಾಗದಿದ್ದರೆ ಅನಗತ್ಯವೆಂದು ತೋರಿದ ಕೆಲಸವನ್ನು ಅದು ಕೈಬಿಡುತ್ತದೆ. ಇದಕ್ಕೆ ಆಪ್ಟಿಮೈಸೇಶನ್ ಎಂದು ಹೆಸರು.

ಇನ್ನು ಸ್ಟ್ಯಾಕ್ ಎಂಬುದು ಒಂದರ ಮೇಲೊಂದು ಪೇರಿಸಿದ ತಟ್ಟೆಗಳಂತಹ ಸ್ಮೃತಿಭಾಗ. ಒಂದು ಫಂಕ್ಷನ್ ಆರಂಭವಾದಾಗ ಅದಕ್ಕೆ ಅಲ್ಲಿ ಸ್ಥಳ ದೊರೆಯುತ್ತದೆ. ಮುಗಿದಾಗ ಆ ಸ್ಥಳವನ್ನು ಅದು ಬಿಟ್ಟುಕೊಡುತ್ತದೆ. ಆದರೆ ಬಿಟ್ಟುಕೊಟ್ಟ ಮಾತ್ರಕ್ಕೆ ಅಲ್ಲಿ ಬರೆದದ್ದು ಅಳಿದುಹೋಗುವುದಿಲ್ಲ. ಮತ್ತೊಬ್ಬರು ಅದರ ಮೇಲೆ ಬರೆಯುವವರೆಗೂ ಅದು ಹಾಗೆಯೇ ಉಳಿಯುತ್ತದೆ.

ನನ್ನದೇ ಒಂದು ಅನುಭವವನ್ನು ಹೇಳುತ್ತೇನೆ. ಒಮ್ಮೆ ಸಂಜೆ ಶಾಲೆ ಬಿಟ್ಟ ಮೇಲೆ ಅರ್ಧವಾರ್ಷಿಕ ಪರೀಕ್ಷೆಯ ಲೆಕ್ಕಗಳನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ನೋಡಿದೆ. ಹೊರಡುವಾಗ ಜವಾನರಿಗೆ, "ಹಲಗೆ ಒರಸಿ ಬೀಗ ಹಾಕಿ" ಎಂದೆ. ನಾಳೆ ಮೊದಲನೆಯ ಪೀರಿಯಡ್ಡಿನ ಮಾಸ್ತರರು ಹೇಗೂ ಒರಸಿಯೇ ಬರೆಯುತ್ತಾರೆಂದು ಎಣಿಸಿ ಅವರು ಬೀಗವನ್ನಷ್ಟೇ ಹಾಕಿದರು. ಮರುದಿನ ಮಕ್ಕಳು ಎಲ್ಲ ಲೆಕ್ಕಗಳನ್ನೂ ಬರೆದುಕೊಂಡಿದ್ದರು! ನಾನು ಹೊಸ ಪ್ರಶ್ನೆಪತ್ರಿಕೆಯನ್ನೇ ಸಿದ್ಧಪಡಿಸಬೇಕಾಯಿತು. ಜವಾನರ ತರ್ಕದಲ್ಲಿ ದೋಷವಿರಲಿಲ್ಲ. ಒರಸುವುದು ಏಕೆಂದು ನಾನು ತಿಳಿಸಿರಲಿಲ್ಲ.

ಕಂಪೈಲರಿನ ವರ್ತನೆಯೂ ಹೀಗೆಯೇ. ಒಂದು ಫಂಕ್ಷನ್ ಪಾಸ್‌ವರ್ಡನ್ನು ಸ್ಟ್ಯಾಕಿನಲ್ಲಿರಿಸಿ ಪರಿಶೀಲಿಸುತ್ತದೆ. ಕೊನೆಯಲ್ಲಿ ಮೆಮ್‌ಸೆಟ್ ಸೂಚನೆಯಿಂದ ಆ ಸ್ಥಳವನ್ನೆಲ್ಲ ಸೊನ್ನೆಯಿಂದ ತುಂಬುತ್ತದೆ ಎಂದಿಟ್ಟುಕೊಳ್ಳಿ. ಆ ಸೊನ್ನೆಗಳನ್ನು ಮುಂದೆ ಯಾರೂ ಓದುವುದಿಲ್ಲವೆಂದು ಕಂಡ ಕಂಪೈಲರ್ ಒರಸುವ ಸೂಚನೆಯನ್ನೇ ತೆಗೆದುಹಾಕಬಹುದು. ಭಾಷೆಯ ನಿಯಮದಂತೆ ಅದು ತಪ್ಪಲ್ಲ. ನಿಯಮವು ಕಾಪಾಡುವುದು ಪ್ರೋಗ್ರಾಮಿನ ಹೊರಗೆ ಕಾಣುವ ವರ್ತನೆಯನ್ನು. ಸ್ಮೃತಿಯಲ್ಲಿ ಉಳಿದ ಕುರುಹನ್ನಲ್ಲ. ಪರಿಣಾಮವಾಗಿ ಗುಟ್ಟು ಅಲ್ಲಿಯೇ ಉಳಿದು, ಮುಂದೆ ಬೇರೊಂದು ದೋಷದ ಮೂಲಕ ಪರರ ಕೈಸೇರಬಹುದು. ಪ್ರೋಗ್ರಾಮನ್ನು ಎಷ್ಟು ಬಾರಿ ಓದಿದರೂ ಈ ಲೋಪ ಕಾಣದು. ಏಕೆಂದರೆ ಬರಹದಲ್ಲಿ ಒರಸುವ ಸಾಲು ಇದ್ದೇ ಇದೆ!

ಪರಿಹಾರವೆಂದರೆ ಉದ್ದೇಶವನ್ನು ಸ್ಪಷ್ಟವಾಗಿ ತಿಳಿಸುವುದು. 2014ರಲ್ಲಿ ಓಪನ್‌ಬಿಎಸ್‌ಡಿ ವ್ಯವಸ್ಥೆಯು, ಕಂಪೈಲರ್ ಕೈಬಿಡದಂತಹ ಎಕ್ಸ್‌ಪ್ಲಿಸಿಟ್ ಬಿಜೀರೋ ಎಂಬ ಸೂಚನೆಯನ್ನು ಒದಗಿಸಿತು. 2024ರಲ್ಲಿ ಪ್ರಕಟವಾದ ಸಿ23 ಮಾನಕದಲ್ಲಿ ಮೆಮ್‌ಸೆಟ್ ಎಕ್ಸ್‌ಪ್ಲಿಸಿಟ್ ಎಂಬುದು ಸೇರಿದೆ. ಆದರೂ ಕಂಪೈಲರ್ ಗುಟ್ಟಿನ ಪ್ರತಿಯೊಂದನ್ನು ರಿಜಿಸ್ಟರಿನಲ್ಲೋ ಸ್ಟ್ಯಾಕಿನ ಬೇರೆಡೆಯಲ್ಲೋ ಇರಿಸಿದ್ದರೆ, ಈ ಸೂಚನೆಗಳು ಅದನ್ನು ಮುಟ್ಟಲಾರವು.

ಎರಡನೆಯ ಅಪಾಯವು ಮೇರೆ ಮೀರುವುದು. ಸ್ಟ್ಯಾಕಿನಲ್ಲಿ ಕೊಟ್ಟ ಸ್ಥಳಕ್ಕಿಂತ ಹೆಚ್ಚು ಬರೆದರೆ, ಫಂಕ್ಷನ್ ಹಿಂದಿರುಗಬೇಕಾದ ವಿಳಾಸವೇ ಕೆಡಬಹುದು. 1988ರ ಮಾರಿಸ್ ವರ್ಮ್ ಹರಡಿದ ದಾರಿಗಳಲ್ಲಿ ಇದೂ ಒಂದು. 512 ಬೈಟುಗಳ ಸ್ಥಳಕ್ಕೆ ಅದು 536 ಬೈಟುಗಳನ್ನು ತುರುಕಿತು. ಇದನ್ನು ತಡೆಯಲು ಕೆಲವರು ವಿಳಾಸಕ್ಕೆ ಉದ್ದವನ್ನು ಕೂಡಿಸಿ, ಮೊತ್ತವು ಮೊದಲಿಗಿಂತ ಚಿಕ್ಕದಾಯಿತೇ ಎಂದು ಪರೀಕ್ಷಿಸುತ್ತಿದ್ದರು. ಅಂತಹ ಕೂಡಿಕೆ ನಿಯಮಬಾಹಿರವಾದ್ದರಿಂದ ಅದು ನಡೆಯುವುದೇ ಇಲ್ಲವೆಂದು ಭಾವಿಸಿ ಕಂಪೈಲರ್ ಆ ಪರೀಕ್ಷೆಯನ್ನೇ ತೆಗೆಯಬಹುದೆಂದು ಸರ್ಟ್ ಸಂಸ್ಥೆಯು 2008ರಲ್ಲಿ ಎಚ್ಚರಿಸಿತು. ಸರಿಯಾದ ಕ್ರಮವೆಂದರೆ ಕೂಡಿಸಿ ನೋಡದೆ ಕಳೆದು ನೋಡುವುದು: ಉಳಿದಿರುವ ಸ್ಥಳವೆಷ್ಟು, ಬರೆಯಬೇಕಾದದ್ದೆಷ್ಟು? ಇದು ನಾಲ್ಕನೆಯ ತರಗತಿಯ ವ್ಯವಕಲನವಲ್ಲವೇ?

ಪ್ರಿಯ ವಿದ್ಯಾರ್ಥಿಗಳೇ, ಯಂತ್ರವು ನಾವು ಮನಸ್ಸಿನಲ್ಲಿ ಎಣಿಸಿದ್ದನ್ನು ಮಾಡುವುದಿಲ್ಲ. ನಿಯಮಕ್ಕೆ ಅನುಗುಣವಾಗಿ ನಾವು ಹೇಳಿದ್ದನ್ನಷ್ಟೇ ಮಾಡುತ್ತದೆ. ಆದುದರಿಂದ ಹೇಳುವುದನ್ನು ಪೂರ್ಣವಾಗಿ ಹೇಳಲು ಕಲಿಯಿರಿ. ಅದನ್ನು ಮೊದಲು ತಾಯ್ನುಡಿಯಲ್ಲಿ ಕಲಿತವರಿಗೆ ಉಳಿದ ಭಾಷೆಗಳೂ ಯಂತ್ರದ ಭಾಷೆಯೂ ದೂರವಾಗಲಾರವು.