ಕಾರ್ಯಕರ್ತರ ಬೈಕ್ ಸ್ವಂತದ್ದು, ಹೊಣೆ ಸಂಘದ್ದೂ ಹೌದು



ಶಿರ್ವ, ಬಂಟಕಲ್ಲು, ಮೂಡುಬೆಳ್ಳೆ ಕಡೆ ಕೃತಕ ಗರ್ಭಧಾರಣೆ ಕಾರ್ಯಕರ್ತರು ನಿಮ್ಮ ಹಟ್ಟಿಗೆ ಬರುವುದು ಸ್ವಂತ ಬೈಕಿನಲ್ಲಿ. ಕಳೆದ ಮಳೆಗಾಲದಲ್ಲಿ ನನಗೆ ಪರಿಚಯದ ಕಾರ್ಯಕರ್ತರೊಬ್ಬರು ಪಾಚಿ ಹಿಡಿದ ಇಳಿಜಾರಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಬೈಕಿಗೆ ಇದ್ದದ್ದು ಥರ್ಡ್ ಪಾರ್ಟಿ ವಿಮೆ ಮಾತ್ರ. ಆಸ್ಪತ್ರೆ ಖರ್ಚಿಗೆ ಅದರಿಂದ ಏನೂ ಬರಲಿಲ್ಲ. ದನಕ್ಕೆ ಬೆದೆ ಕಂಡದ್ದು ಅದೇ ಬೆಳಿಗ್ಗೆ; ಅವರು ಸಂಜೆ ಹೋಗಿದ್ದರೂ ಸಾಕಿತ್ತು.

ಸಂಘದ ಆಡಳಿತ ಮಂಡಳಿ ಗಮನಿಸಬೇಕಾದದ್ದು:

1. ದಾಖಲೆ: ಚಾಲನಾ ಪರವಾನಗಿ, ಆರ್.ಸಿ., ವಿಮೆ, ಹೊಗೆ ತಪಾಸಣೆ ಪತ್ರಗಳ ಅವಧಿ ಮುಗಿಯುವ ದಿನಾಂಕವನ್ನು ಕಾರ್ಯದರ್ಶಿಯವರು ಪುಸ್ತಕದಲ್ಲಿ ಬರೆದಿಡಲಿ.

2. ವಿಮೆ: 1988ರ ಮೋಟಾರು ವಾಹನ ಕಾಯ್ದೆಯಂತೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಅದು ಎದುರಿನವರಿಗೆ ಆದ ಹಾನಿಗೆ ಮಾತ್ರ. ಮಾಲೀಕ-ಚಾಲಕರ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಸಿಗುತ್ತದೆ. ಅಣ್ಣನ ಹೆಸರಿನ ಬೈಕ್ ಓಡಿಸುವ ತಮ್ಮನಿಗೆ ಅದು ಅನ್ವಯಿಸುವುದಿಲ್ಲ. ಚಿಕಿತ್ಸೆಯ ಖರ್ಚಿಗೆ ಬೇರೆಯೇ ವಿಮೆ ಬೇಕು.

3. ಭತ್ಯೆ: ಎಷ್ಟು ದನಕ್ಕೆ ಗರ್ಭಧಾರಣೆ ಮಾಡಿದರು ಎಂಬ ಲೆಕ್ಕದಲ್ಲಿ ಮಾತ್ರ ಹಣ ಕೊಟ್ಟರೆ ಅವಸರ ಹೆಚ್ಚುತ್ತದೆ. ಓಡಿದ ಕಿಲೋಮೀಟರ್ ಬರೆಸಿ ಪೆಟ್ರೋಲ್ ಖರ್ಚನ್ನು ಪ್ರತ್ಯೇಕವಾಗಿ ಕೊಡಿ. ಟಯರ್, ಬ್ರೇಕ್ ಸವೆತವೂ ಆ ದರದಲ್ಲಿ ಸೇರಿರಲಿ.

4. ಕಂಟೇನರ್: ದ್ರವ ಸಾರಜನಕದ ಉಷ್ಣತೆ ಮೈನಸ್ 196 ಡಿಗ್ರಿ ಸೆಲ್ಸಿಯಸ್. ಚೆಲ್ಲಿದರೆ ಚರ್ಮ ಸುಟ್ಟಂತಾಗುತ್ತದೆ. ಕಂಟೇನರನ್ನು ನೆಟ್ಟಗೆ ನಿಲ್ಲಿಸಿ ಬಿಗಿಯಾಗಿ ಕಟ್ಟಬೇಕು. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗಿ ಗಾಳಿಯಲ್ಲಿನ ಆಮ್ಲಜನಕ ಕಡಿಮೆಯಾಗುತ್ತದೆ. ಆದ್ದರಿಂದ ಮಳೆಯೆಂದು ಕಾರಿನಲ್ಲಿ ಒಯ್ದರೂ ಗಾಜು ಪೂರ್ತಿ ಮುಚ್ಚಬಾರದು.

ಇನ್ನು ಸದಸ್ಯರಲ್ಲಿ ಒಂದು ವಿನಂತಿ. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸುವುದು ಸರಿಯಾದ ಕ್ರಮ. ಕೂಗುವುದು, ಬೇರೆ ದನದ ಮೇಲೆ ಹತ್ತುವುದು, ಲೋಳೆ ಸುರಿಯುವುದು ಯಾವಾಗ ಶುರುವಾಯಿತು ಎಂದು ನೋಡಿಟ್ಟು, ಹಾಲು ಹಾಕಲು ಡಿಪೋಗೆ ಬಂದಾಗಲೇ ತಿಳಿಸಿ. ಆಗ ಕಾರ್ಯಕರ್ತರು ಒಂದೇ ದಾರಿಯ ಮನೆಗಳನ್ನು ಒಟ್ಟಿಗೆ ಮುಗಿಸಬಹುದು. ದಾರಿಯಲ್ಲಿರುವವರಿಗೆ ಮತ್ತೆ ಮತ್ತೆ ಫೋನ್ ಮಾಡಬೇಡಿ.

ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಕಾರ್ಯಕರ್ತರನ್ನೂ ಕೂರಿಸಿಕೊಂಡು ಈ ನಾಲ್ಕು ವಿಷಯ ಚರ್ಚಿಸಿ. ಮಳೆ ಶುರುವಾಗುವ ಮೊದಲೇ ಆದರೆ ಒಳ್ಳೆಯದು.